ಕುಂಡದ ಸಸಿಗಳ ನಾಟಿಯೂ ಬೂಷ್ಟುನೊರಜಿನ ನಿವಾರಣೆಯೂ

ತೋಟದ ಬೆಳೆಗಳ ಸಸಿಗಳನ್ನು ನೆಲದ ಮಡಿಯಲ್ಲಿ ಎಬ್ಬಿಸಿ, ಕಿತ್ತು ನಾಟಿ ಮಾಡುವುದು ಈ ಸೀಮೆಯ ರೈತರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ಆದರೆ ಬೇರು ಕದಲಿದರೆ ಸುಲಭವಾಗಿ ಚೇತರಿಸಿಕೊಳ್ಳಲಾರದ ಪರಂಗಿಯಂತಹ ಗಿಡಗಳಿಗೆ ಈ ಪದ್ಧತಿಯು ಹೊಂದುವುದಿಲ್ಲ. ಆದಕಾರಣ ಅಂತಹ ಸಸಿಗಳನ್ನು ಮಣ್ಣಿನ ಕುಂಡಗಳಲ್ಲಿಯೋ ಪಾಲಿಥೀನ್ ಚೀಲಗಳಲ್ಲಿಯೋ ಬೆಳೆಸಿ, ಬೇರಿಗೆ ಅಂಟಿದ ಮಣ್ಣಿನ ಹೆಂಟೆಯೊಡನೆಯೇ ಗುಣಿಗೆ ಇಳಿಸುವುದು ವಾಡಿಕೆಯಾಗಿದೆ. ಇದರಿಂದ ಉಂಟಾಗುವ ಅನುಕೂಲವು ಎಲ್ಲರಿಗೂ ತಿಳಿದದ್ದೇ. ಇದರ ಬೆನ್ನ ಹಿಂದೆಯೇ ಬರುವ ಒಂದು ಅನನುಕೂಲವು ಮಾತ್ರ ಅನೇಕರ ಲಕ್ಷ್ಯಕ್ಕೆ ಬಂದಿಲ್ಲ. ಸಸಿಯೊಡನೆ ಮಣ್ಣೂ ಹೋಗುವುದರಿಂದ, ಆ ಮಣ್ಣಿನಲ್ಲಿ ಏನೇನು ಇರುವುದೋ ಅದೆಲ್ಲವೂ ಹೊಲಕ್ಕೆ ಹೋಗುತ್ತದೆ.

ಒಬ್ಬ ಜಮೀನುದಾರರು ಒಂದು ಎಕರೆಯಲ್ಲಿ ಆರು ಅಡಿಗೆ ಒಂದರಂತೆ ಪರಂಗಿಯನ್ನು ನೆಡಿಸಿದರೆಂದು ಭಾವಿಸೋಣ. ಈ ಲೆಕ್ಕಕ್ಕೆ ೧,೨೧೦ ಗುಣಿಗಳಾಗುತ್ತವೆ. ಬೆಲೆಯುಳ್ಳ ಸಂಕರ ತಳಿಯ ಬೀಜವನ್ನು ತರಿಸಿ, ಚೀಲಗಳಲ್ಲಿ ಬಿತ್ತಿ, ನೆರಳಿನಲ್ಲಿಟ್ಟು, ಬೆಳಿಗ್ಗೆ ಸಾಯಂಕಾಲ ತಪ್ಪದೆ ನೀರು ಹಾಕಿಸಿ, ಐವತ್ತು ದಿವಸಗಳಾದ ಮೇಲೆ ನಾಟಿ ಮಾಡಿಸಿದ್ದಾಯಿತು. ನೆಟ್ಟಾಗ ಸಸಿಗಳೆಲ್ಲವೂ ಹಸುರಾಗಿಯೇ ಇದ್ದುವು. ಎರಡು ವಾರಗಳಾಗುವಷ್ಟರಲ್ಲಿ ಕೆಲವು ಸಸಿಗಳ ಎಲೆ ಹಳದಿಯಾಯಿತು, ಮಧ್ಯಾಹ್ನ ಜೋಲುಬಿದ್ದುವು, ಬುಡದಲ್ಲಿ ತೇವವಿದ್ದರೂ ಬಾಡಿದುವು. ಆಳುಗಳು ಇನ್ನಷ್ಟು ನೀರು ಕಟ್ಟಿದರು. ಸಸಿಗಳು ಇನ್ನಷ್ಟು ಬೇಗ ಸತ್ತುವು. ಬೀಜದವನು ಮೋಸಮಾಡಿದನೆಂದು ಒಬ್ಬರು, ಜಮೀನು ಪರಂಗಿಗೆ ಆಗದೆಂದು ಮತ್ತೊಬ್ಬರು, ದೃಷ್ಟಿ ತಾಕಿತೆಂದು ಮನೆಯ ಹಿರಿಯರು ಹೇಳಿದರು. ಸತ್ತ ಸಸಿಯೊಂದನ್ನು ಎತ್ತಿ ಬೇರನ್ನು ನೀರಿನಲ್ಲಿ ಜಾಲಿಸಿ ನೋಡಿದವರು ಮಾತ್ರ ಯಾರೂ ಇಲ್ಲ. ಹಾಗೆ ನೋಡಿದ್ದರೆ, ನವುರಾದ ರೋಮಬೇರುಗಳು ಇರಬೇಕಾದ ಕಡೆಯಲ್ಲಿ ಏನೂ ಇಲ್ಲದೆ, ಉಳಿದ ಬೇರಿನ ತುದಿಗಳು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿರುವುದು ಕಾಣುತ್ತಿತ್ತು.

ಇಂತಹ ನಷ್ಟಕ್ಕೆ ಕಾರಣಗಳು ಹಲವು ಉಂಟು. ಅವುಗಳಲ್ಲಿ ಒಂದು, ಬಹಳ ಮಂದಿ ಕಣ್ಣಾರೆ ಕಂಡೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಣ್ಣ ನೊರಜು.

ಸಸಿಯ ಕುಂಡಕ್ಕೆ ನೀರು ಹಾಕುವಾಗ ಮಣ್ಣಿನ ಮೇಲಿಂದ ಕಪ್ಪಾದ ಸಣ್ಣ ಹುಳುಗಳು ಎದ್ದು, ಒಂದು ಗೇಣಿನಷ್ಟು ಹಾರಿ, ಮತ್ತೆ ಅಲ್ಲಿಯೇ ಕೂರುವುದನ್ನು ಅನೇಕರು ನೋಡಿರುತ್ತಾರೆ. ಸೊಳ್ಳೆಯ ಮರಿಗಳೆಂದು ಕೆಲವರು ತಿಳಿಯುವುದುಂಟು, ಇದು ಸರಿಯಲ್ಲ. ಈ ಹುಳು ಕಚ್ಚುವುದಿಲ್ಲ, ರಕ್ತವನ್ನು ಹೀರುವುದಿಲ್ಲ. ಇದರ ಉದ್ದವು ಒಂದು ಅಂಗುಲದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ. ಕಾಲುಗಳು ಉದ್ದ, ಮೈ ಸಪುರ, ಹಾರಾಟವು ಬಲಹೀನ. ಬೂಷ್ಟನ್ನು ತಿಂದು ಬದುಕುವ ಸ್ವಭಾವದಿಂದ ಇದಕ್ಕೆ ಬೂಷ್ಟುನೊರಜು ಎಂಬ ಹೆಸರು ಒಪ್ಪುತ್ತದೆ. ಶಾಸ್ತ್ರಜ್ಞರು ಇದನ್ನು ಸಿಯಾರಿಡೆ ಎಂಬ ಕುಟುಂಬಕ್ಕೆ ಸೇರಿಸಿರುವರು. ಸಸಿಗಳಿಗೆ ಹೆಚ್ಚಾಗಿ ಕೆಡುಕುಮಾಡುವ ಜಾತಿಗಳು ಬ್ರಾಡಿಸಿಯಾ ಎಂಬ ಪಂಗಡದವು. ಅಣಬೆ ಬೆಳೆಯುವವರಿಗೆ ಇದು ಹಳೆಯ ಶತ್ರು.

ಹಾರುವ ಹುಳು ಸಸಿಯನ್ನು ಮುಟ್ಟುವುದಿಲ್ಲ. ಕೆಡುಕೆಲ್ಲವೂ ಅದರ ಮರಿಯಿಂದ. ಹೆಣ್ಣುಹುಳು ಒಂದು ವಾರದಿಂದ ಹತ್ತು ದಿವಸಗಳವರೆಗೆ ಬದುಕಿದ್ದು, ಅಷ್ಟರಲ್ಲಿಯೇ ಒದ್ದೆಯಾದ ಮಣ್ಣಿನ ಸಂದುಗಳಲ್ಲಿ ನೂರರಿಂದ ಇನ್ನೂರು ಮೊಟ್ಟೆಗಳನ್ನು ಇಡುತ್ತದೆ. ಸುಮಾರು ನಾಲ್ಕರಿಂದ ಆರು ದಿವಸಗಳಲ್ಲಿ ಮೊಟ್ಟೆಯೊಡೆದು ಮರಿಹುಳು ಹೊರಕ್ಕೆ ಬರುತ್ತದೆ. ಇದಕ್ಕೆ ಕಾಲುಗಳಿಲ್ಲ, ಮೈ ಬಿಳುಪು, ಒಳಗಿನ ಕರುಳು ಕಾಣುವಷ್ಟು ತಿಳಿ, ತಲೆ ಮಾತ್ರ ಕಪ್ಪಾಗಿ ಮೆರುಗುಳ್ಳದ್ದು. ಈ ಕಪ್ಪು ತಲೆಯೇ ಇದರ ಗುರುತು. ಬೆಳೆದಾಗ ಕಾಲು ಅಂಗುಲಕ್ಕಿಂತ ಕೊಂಚ ಕಡಮೆ ಉದ್ದವಿರುತ್ತದೆ. ಎರಡು ವಾರ ತಿಂದು ಬೆಳೆದು, ಮಣ್ಣಿನಲ್ಲಿಯೇ ಕೋಶಾವಸ್ಥೆಯಲ್ಲಿ ಕೆಲವು ದಿವಸಗಳನ್ನು ಕಳೆದು, ರೆಕ್ಕೆಯೊಡನೆ ಹೊರಬರುತ್ತದೆ. ಬೆಚ್ಚನೆಯ ಕಾಲದಲ್ಲಿ ಮೊಟ್ಟೆಯಿಂದ ಹುಳುವಾಗುವುದಕ್ಕೆ ಮೂರರಿಂದ ನಾಲ್ಕು ವಾರಗಳು ಸಾಕು. ಪರಂಗಿ ಸಸಿಯು ಚೀಲದಲ್ಲಿರುವುದು ನಲವತ್ತೈದರಿಂದ ಅರುವತ್ತು ದಿವಸ. ಬಿತ್ತಿದ ವಾರದಲ್ಲಿಯೇ ಒಂದು ಹೆಣ್ಣುಹುಳು ಮೊಟ್ಟೆಯಿಟ್ಟರೆ, ನಾಟಿಯ ಹೊತ್ತಿಗೆ ಅದರ ಮೊಮ್ಮಕ್ಕಳು ಅದೇ ಮಣ್ಣಿನಲ್ಲಿರುವುವು ಎಂಬುದನ್ನು ಇದರಿಂದ ತಿಳಿಯಬಹುದು.

ಮರಿಹುಳುವಿನ ಮುಖ್ಯ ಆಹಾರವು ಬೂಷ್ಟು, ಪಾಚಿ ಮತ್ತು ಕೊಳೆಯುತ್ತಿರುವ ಸೊಪ್ಪುಸದೆ. ಇವು ಬೇಕಾದಷ್ಟು ಇರುವ ಕಡೆ ಅದು ಸುಮ್ಮನೆ ಅವನ್ನೇ ತಿಂದುಕೊಂಡಿರುವುದುಂಟು. ಸಂಖ್ಯೆ ಹೆಚ್ಚಿದಾಗ ಮಾತ್ರ ರೋಮಬೇರುಗಳನ್ನೂ ಎಳೆಯ ಬೇರುಗಳ ತುದಿಗಳನ್ನೂ ಕಡಿಯತೊಡಗುತ್ತದೆ. ಮೆದುವಾದ ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಕೊರೆಯುವುದೂ ಉಂಟು. ದೊಡ್ಡ ಗಿಡಕ್ಕೆ ಇದು ಲೆಕ್ಕವಲ್ಲ. ಎರಡು ಎಲೆಯಿಂದ ಆರು ಎಲೆಯವರೆಗಿನ ಸಸಿಗೆ ಇದೇ ಪ್ರಾಣಾಂತಿಕ. ಕಚ್ಚಿದ ಗಾಯಗಳೇ ಅಲ್ಲದೆ, ಬೇರು ಕೊಳೆಸುವ ಪಿಥಿಯಂ, ಫ್ಯುಸೇರಿಯಂ ಮೊದಲಾದ ರೋಗಬೀಜಗಳನ್ನು ಒಂದು ಕುಂಡದಿಂದ ಮತ್ತೊಂದಕ್ಕೆ ಸಾಗಿಸುವುದರಲ್ಲಿಯೂ ಈ ಹುಳುವಿನ ಕೈವಾಡವಿರುತ್ತದೆ. ಗಾಯವಾದ ಬೇರಿಗೆ ರೋಗವು ಸುಲಭವಾಗಿ ತಗಲುತ್ತದೆ. ಸಸಿಯು ಕುಂಡದಲ್ಲಿರುವಾಗ ದಿನದಿನವೂ ನೀರು ಸಿಕ್ಕುವುದರಿಂದ ಅರ್ಧ ಬೇರಿನಿಂದಲೇ ಹೇಗೋ ಹಸುರಾಗಿರುತ್ತದೆ. ಬಯಲಿನ ಬಿಸಿಲಿಗೂ ಗಾಳಿಗೂ ಬಂದಮೇಲೆ ಆ ಅರ್ಧ ಬೇರು ಸಾಲದೆಹೋಗುತ್ತದೆ. ಕುಂಡದಲ್ಲಿ ಆದ ಕೆಡುಕು ಹೊಲದಲ್ಲಿ ಬಯಲಾಗುವುದು ಹೀಗೆ.

ಈ ಸಂದರ್ಭದಲ್ಲಿ ಅಡಕೆಯ ಕೊಳೆರೋಗದ ವಿಷಯವನ್ನು ನೆನೆಯುವುದು ಅಪ್ರಕೃತವಾಗಲಾರದು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಪರಿಶೋಧನೆ ನಡೆಸಿ, ಈ ರೋಗವು ಬೂಷ್ಟಿನಂತಹ ಒಂದು ಸೂಕ್ಷ್ಮಜೀವಿಯಿಂದ ಬರುವುದೆಂದು ವಿವರಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದರು. ಅಲ್ಲಿ ಮಳೆಯು ಸಂದರ್ಭ, ಬೂಷ್ಟು ಕಾರಣ. ಕುಂಡದ ಸಸಿಯ ವಿಷಯದಲ್ಲಿಯೂ ಹಾಗೆಯೇ: ನೊರಜು ಕಾರಣವಾದರೆ, ನೀರು ಸಂದರ್ಭ. ಒಂದು ಭೇದವನ್ನು ಮಾತ್ರ ಮರೆಯಬಾರದು. ಮಳೆಯನ್ನು ನಿಲ್ಲಿಸುವುದು ಯಾರ ಕೈಯಲ್ಲಿಯೂ ಇಲ್ಲ. ಹೂಝಾರಿಯು ಆಳಿನ ಕೈಯಲ್ಲಿದೆ.

ಸಸಿಗಳಿಗೆ ಸೇರಬೇಕಾದುದಕ್ಕಿಂತ ಹೆಚ್ಚು ನೀರು ಸೇರುವುದು ಸಾಧಾರಣವಾಗಿ ಅಲಕ್ಷ್ಯದಿಂದಲ್ಲ, ಅತಿ ಅಕ್ಕರೆಯಿಂದ. ನೀರು ಹಾಕುವ ಆಳಿಗೆ ಹೊತ್ತು ಗೊತ್ತೇ ಹೊರತು ಮಣ್ಣಿನ ಸ್ಥಿತಿ ಗೊತ್ತಿರುವುದಿಲ್ಲ. ಮೋಡ ಕವಿದ ದಿವಸವೂ ಎರಡು ಸಲ, ಬಿಸಿಲು ಕಾಯುವ ದಿವಸವೂ ಎರಡು ಸಲ. ಜೂನ್‌ನಲ್ಲಿ ನೆಡುವುದಕ್ಕಾಗಿ ಬೇಸಗೆಯಲ್ಲಿ ಎಬ್ಬಿಸುವ ಸಸಿಗಳಲ್ಲಿ ಮೇಲ್ಮಣ್ಣು ಬೇಗ ಆರುವುದರಿಂದ ಈ ತಪ್ಪು ಅಷ್ಟಾಗಿ ಬಾಧಿಸುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ನಾಟಿಗೆಂದು ಮಳೆಗಾಲದಲ್ಲಿ ಎಬ್ಬಿಸುವ ಸಸಿಗಳೇ ಹೆಚ್ಚಾಗಿ ಕೆಡುವುವು. ಆಗ ಬಿಸಿಲು ಕಡಮೆ, ಗಾಳಿಯಲ್ಲಿ ತೇವ ಹೆಚ್ಚು, ಮೇಲೆ ನೆರಳುಬಲೆ ಬೇರೆ.

ಸಣ್ಣ ಸಸಿಗೆ ದೊಡ್ಡ ಕುಂಡವನ್ನು ಕೊಡುವುದು ಇನ್ನೊಂದು ತಪ್ಪು. ಮೊಳಕೆಯ ತಟ್ಟೆಯಿಂದಲೋ ಚಿಕ್ಕ ಬಟ್ಟಲಿನಿಂದಲೋ ಸಸಿಯನ್ನು ತೆಗೆದು, ಮತ್ತೆ ಮತ್ತೆ ಬದಲಾಯಿಸುವ ಶ್ರಮವೇಕೆಂದು ಒಮ್ಮೆಗೇ ದೊಡ್ಡ ಕುಂಡಕ್ಕೆ ಹಾಕುವುದುಂಟು. ಬೇರು ಹರಡದ ಮಣ್ಣು ನೀರನ್ನು ಹೀರಿಕೊಂಡು ಹಾಗೆಯೇ ಇರುತ್ತದೆ. ಅದನ್ನು ಕುಡಿಯುವವರು ಯಾರೂ ಇಲ್ಲ. ಆ ಹಸಿಮಣ್ಣಿನಲ್ಲಿ ಬೂಷ್ಟು ಹುಟ್ಟಿ, ಬೂಷ್ಟಿಗೆ ನೊರಜು ಬರುತ್ತದೆ. ಸಸಿಯ ಬೇರಿನ ಗಂಟಿಗಿಂತ ಒಂದೆರಡು ಅಂಗುಲ ಮಾತ್ರ ಅಗಲವಾದ ಕುಂಡವೇ ಸಾಕು. ಪರಂಗಿಗೆ ಬಿತ್ತುವಾಗಲೇ ಎಂಟು ಅಂಗುಲ ಎತ್ತರ, ಆರು ಅಂಗುಲ ಅಗಲದ ಚೀಲವನ್ನು ಉಪಯೋಗಿಸಿದರೆ ನಡುವೆ ಬದಲಾಯಿಸುವ ಕೆಲಸವೇ ಇರುವುದಿಲ್ಲ. ಚೀಲದ ತಳದಲ್ಲಿಯೂ ಪಕ್ಕಗಳಲ್ಲಿಯೂ ನೀರು ಬಸಿಯುವುದಕ್ಕೆ ರಂಧ್ರಗಳಿರಬೇಕು. ಅಂಗಡಿಯಿಂದ ತಂದ ಚೀಲಗಳಲ್ಲಿ ರಂಧ್ರಗಳಿವೆಯೆಂದು ನಂಬದೆ, ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯದು.

ಇನ್ನು ಮಣ್ಣಿನ ವಿಚಾರ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಇವನ್ನು ಸಮಭಾಗವಾಗಿ ಬೆರೆಸುವುದು ರೂಢಿ. ಇದರಲ್ಲಿ ‘ಚೆನ್ನಾಗಿ ಕಳಿತ’ ಎಂಬ ಮಾತಿನಲ್ಲಿಯೇ ಇಡೀ ವಿಷಯವು ಅಡಗಿದೆ. ಗೊಬ್ಬರದ ರಾಶಿಯೊಳಕ್ಕೆ ಕೈಯಿಟ್ಟರೆ ಬಿಸಿಯಿರಬಾರದು, ಸಗಣಿಯ ವಾಸನೆ ಬರಬಾರದು, ಹುಲ್ಲು ಎಲೆಗಳ ರೂಪವು ಗುರುತು ಸಿಕ್ಕಬಾರದು. ಹಿಡಿಯಲ್ಲಿ ಹಿಚುಕಿದರೆ ಪುಡಿಪುಡಿಯಾಗಿ ಉದುರಬೇಕು. ಅರೆಕಳಿತ ಗೊಬ್ಬರವು ಬೂಷ್ಟುನೊರಜಿಗೆ ಹಬ್ಬದೂಟ. ಬೇಗ ಬೆಳೆಯಲೆಂದು ಕಡಲೆಕಾಯಿ ಹಿಂಡಿಯನ್ನೋ ಹರಳಿನ ಹಿಂಡಿಯನ್ನೋ ಕುಂಡದ ಮೇಲ್ಗಡೆ ಉದುರಿಸುವ ಅಭ್ಯಾಸವೂ ಬಿಡತಕ್ಕದ್ದು. ಎರಡು ದಿವಸಗಳಲ್ಲಿ ಹಿಂಡಿಯ ಮೇಲೆ ಬಿಳಿಯ ಬೂಷ್ಟು ಏಳುವುದು. ಅದರ ವಾಸನೆಗೆ ನೊರಜುಗಳು ಕೂಡಿಬರುವುವು. ಬೇವಿನ ಹಿಂಡಿಯಾದರೂ ಮಣ್ಣಿನೊಳಗೆ ಬೆರೆಸಿ ಕೆಲವು ವಾರ ಕಳಿಯಬಿಟ್ಟ ಬಳಿಕವೇ ಚೀಲಕ್ಕೆ ತುಂಬಬೇಕು. ತೆಂಗಿನ ನಾರಿನ ಪುಡಿಯು ಹಗುರವೂ ಬೇರಿಗೆ ಹಿತವೂ ಆದದ್ದೇ. ಆದರೆ ನೀರನ್ನು ಬಹಳ ಹೊತ್ತು ಹಿಡಿದಿಡುವುದರಿಂದ ಅದನ್ನು ಬಳಸುವವರು ಮಣ್ಣಿಗೆ ಹಾಕುವ ಲೆಕ್ಕದಲ್ಲಿ ನೀರು ಹಾಕಕೂಡದು.

ಮಿಶ್ರಣವನ್ನು ಬಿಸಿಲಿನಿಂದ ಶುದ್ಧಿಮಾಡುವುದು ಖರ್ಚಿಲ್ಲದ ಉಪಾಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಿಶ್ರಣವನ್ನು ಆರು ಅಂಗುಲ ದಪ್ಪಕ್ಕೆ ಹರಡಿ, ಹದವಾಗಿ ತೋಯಿಸಿ, ತಿಳಿಯಾದ ಪಾಲಿಥೀನ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ನಾಲ್ಕರಿಂದ ಆರು ವಾರ ಬಿಡತಕ್ಕದ್ದು. ಹಾಳೆಯು ಕಪ್ಪಾಗಿರಬಾರದು, ತಿಳಿಹಾಳೆಯ ಮೂಲಕ ಬಿಸಿಲು ನೇರವಾಗಿ ಮಣ್ಣನ್ನು ಕಾಯಿಸುತ್ತದೆ. ಒಣಮಣ್ಣಿಗಿಂತ ಒದ್ದೆಮಣ್ಣಿನಲ್ಲಿ ಕಾವು ಚೆನ್ನಾಗಿ ಇಳಿಯುವುದರಿಂದ ತೋಯಿಸುವುದನ್ನು ಮರೆಯಕೂಡದು. ಹೀಗೆ ಶುದ್ಧಿಯಾದ ಮಣ್ಣನ್ನು ಚೀಲಕ್ಕೆ ತುಂಬುವವರೆಗೂ ಮುಚ್ಚಿಯೇ ಇಡಬೇಕು. ತೆರೆದಿಟ್ಟರೆ ಮಳೆ ಬಿದ್ದ ಮಾರನೆಯ ದಿವಸವೇ ನೊರಜು ಬಂದು ಮೊಟ್ಟೆಯಿಟ್ಟು, ಆರು ವಾರಗಳ ಕೆಲಸವು ಹಾಳಾದೀತು. ಘಟ್ಟದ ಸೀಮೆಯಲ್ಲಿ ಸಸಿಮಡಿಯ ಮೇಲೆ ತರಗು, ಸೊಪ್ಪು, ಕಡ್ಡಿಗಳನ್ನು ಹರಡಿ ಸುಡುವ ಹಳೆಯ ಪದ್ಧತಿಯ ಗುಣವೂ ಭಾಗಶಃ ಇದೇ ಆಗಿದೆ. ಬೇಕಾದ ಮಣ್ಣು ಒಂದೆರಡು ಬುಟ್ಟಿ ಮಾತ್ರವಾದರೆ ಕುದಿಯುವ ನೀರನ್ನು ಚೆನ್ನಾಗಿ ಸುರಿದು, ಬಸಿದು, ಆರಿದ ಮೇಲೆ ಉಪಯೋಗಿಸಬಹುದು.

ಚೀಲಗಳನ್ನು ಹಸಿ ನೆಲದ ಮೇಲೆ ಒತ್ತೊತ್ತಾಗಿ ಜೋಡಿಸುವುದು ಬೇಡ. ಜಲ್ಲಿ ಹಾಸಿಯೋ ಚಪ್ಪಡಿಯ ಮೇಲೋ ಬಿದಿರಿನ ಅಟ್ಟದ ಮೇಲೋ ಇಟ್ಟರೆ ತಳದಿಂದ ನೀರು ಬಸಿದು ಗಾಳಿಯಾಡುತ್ತದೆ. ಸೋರುವ ನಲ್ಲಿ, ನೆನೆದ ಗೋಣಿಚೀಲ, ಪಾಚಿಗಟ್ಟಿದ ದಾರಿ, ಸತ್ತ ಸಸಿಗಳ ಚೀಲಗಳನ್ನು ಎಸೆದ ಮೂಲೆ, ಇವೇ ನೊರಜಿನ ತವರುಮನೆಗಳು. ಪರಂಗಿಗೆ ಉಂಗುರಚುಕ್ಕೆ ರೋಗವನ್ನು ತರುವ ಸಸ್ಯಹೇನುಗಳನ್ನು ತಡೆಯುವುದಕ್ಕಾಗಿ ಸೂಕ್ಷ್ಮ ಬಲೆಯ ಮನೆಯಲ್ಲಿ ಸಸಿ ಬೆಳೆಸುವುದು ಬಹಳ ಉಚಿತವಾದ ಕ್ರಮ. ಆದರೆ ನೊರಜು ಮಣ್ಣಿನೊಳಗೆ ಸೇರಿ ಬಲೆಮನೆಯನ್ನು ಪ್ರವೇಶಿಸಿದರೆ, ಆ ಬಲೆಯೇ ಅದಕ್ಕೆ ಗಾಳಿಬಿಸಿಲುಗಳಿಂದ ರಕ್ಷಣೆಯಾಗುತ್ತದೆ. ಬಲೆಯನ್ನು ಕಟ್ಟಿಸಿದ್ದೇವೆಂದು ನಿಶ್ಚಿಂತರಾಗಿರುವವರಲ್ಲಿಯೇ ಈ ಬಾಧೆಯು ಮೊದಲು ಕಾಣುವುದು ಇದಕ್ಕಾಗಿಯೇ.

ಬಿತ್ತಿದ ಮೂರನೆಯ ವಾರದಲ್ಲಿ ಒಂದು ಸಲ, ನಾಟಿಗೆ ಮೂರು ವಾರ ಮುಂಚೆ ಮತ್ತೊಂದು ಸಲ, ಮಣ್ಣನ್ನು ಪರೀಕ್ಷಿಸತಕ್ಕದ್ದು. ಇದಕ್ಕೆ ಯಾವ ಯಂತ್ರವೂ ಬೇಡ. ಆಲೂಗೆಡ್ಡೆಯನ್ನು ಅರ್ಧ ಅಂಗುಲ ದಪ್ಪದ ಬಿಲ್ಲೆಗಳಾಗಿ ಕೊಯ್ದು, ನೂರು ಚೀಲಗಳಲ್ಲಿ ಹತ್ತನ್ನು ಅಲ್ಲಲ್ಲಿ ಆರಿಸಿ, ಕೊಯ್ದ ಮುಖವು ಒದ್ದೆಮಣ್ಣಿಗೆ ತಾಕುವಂತೆ ಒಂದೊಂದನ್ನು ಒತ್ತಿ ಇಡಬೇಕು. ಮೂರು ದಿವಸಗಳಾದ ಮೇಲೆ ಬಿಲ್ಲೆಯನ್ನು ತಿರುವಿ ನೋಡಿದರೆ, ಕಪ್ಪು ತಲೆಯ ಬಿಳಿಯ ಮರಿಗಳು ಅದಕ್ಕೆ ಅಂಟಿಕೊಂಡಿರುವುದು ಬರಿಗಣ್ಣಿಗೇ ಕಾಣುವುದು. ಬಿಲ್ಲೆಯಡಿಯ ಮಣ್ಣನ್ನೂ ನೋಡಬೇಕು. ಹಾರುವ ಹುಳುಗಳನ್ನು ತಿಳಿಯುವುದಕ್ಕೆ ಹಳದಿ ಬಣ್ಣದ ರಟ್ಟಿಗೋ ತಗಡಿಗೋ ಹರಳೆಣ್ಣೆ ಸವರಿ, ಚೀಲಗಳ ಮಟ್ಟದಲ್ಲಿಯೇ ಇಟ್ಟರೆ ಸಾಕು. ಎತ್ತರದಲ್ಲಿ ತೂಗುಹಾಕಿದರೆ ಈ ಹುಳು ಅಲ್ಲಿಗೆ ಏರುವುದು ಕಡಮೆ. ಹಳದಿ ರಟ್ಟು ಎಣಿಕೆಗೆ ಉಪಯೋಗ. ಅದೊಂದರಿಂದಲೇ ಪೀಡೆ ತೀರುವುದೆಂದು ಭಾವಿಸಬಾರದು.

ಬಾಡಿದ ಸಸಿಗೆಲ್ಲ ನೊರಜೇ ಕಾರಣವೆಂದು ಹೇಳುವುದೂ ತಪ್ಪಾಗುತ್ತದೆ. ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳುವಿನ ಬಾಧೆ. ಬುಡವು ನೀರಿನಲ್ಲಿ ನೆಂದಂತೆ ಸಣ್ಣಗಾಗಿ ಸಸಿಯು ಒಮ್ಮೆಗೇ ಮಗುಚಿದರೆ ಅದು ಬುಡಕೊಳೆ ರೋಗ. ಇದು ನೊರಜಿಲ್ಲದೆಯೂ ಬರಬಹುದು. ಬೇರು ಸವೆದು, ಆಲೂಗೆಡ್ಡೆಯಲ್ಲಿಯೂ ಮರಿಗಳು ಕಂಡರೆ ಮಾತ್ರ ಮುಂದೆ ಹೇಳುವ ಚಿಕಿತ್ಸೆಗೆ ತೊಡಗಬೇಕು.

ಮೊದಲನೆಯ ಚಿಕಿತ್ಸೆಯು ಒಣಗಿಸುವುದು. ಮೊಟ್ಟೆಗಳೂ ಮರಿಗಳೂ ಹೆಚ್ಚಾಗಿ ಮೇಲಿನ ಎರಡು ಮೂರು ಅಂಗುಲ ಮಣ್ಣಿನಲ್ಲಿಯೇ ಇರುವುವು. ಬೆರಳನ್ನು ಮೊದಲನೆಯ ಗಿಣ್ಣಿನವರೆಗೆ ಮಣ್ಣಿನಲ್ಲಿಳಿಸಿ, ತೇವವು ತಾಕದಿದ್ದರೆ ಮಾತ್ರ ನೀರು ಹಾಕಬೇಕು. ಹಾಕುವಾಗ ಕೆಳಗಿನಿಂದ ಸೋರುವಷ್ಟು ಹಾಕಿ, ಮತ್ತೆ ಮೇಲ್ಮಣ್ಣು ಒಣಗುವ ತನಕ ನಿಲ್ಲಿಸಬೇಕು. ಚಿಕ್ಕ ಸಂಖ್ಯೆಯ ಕುಂಡಗಳಾದರೆ ನೀರು ತುಂಬಿದ ತಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ತಳದಿಂದಲೇ ನೀರು ಹೀರಿಸಿ, ಕೂಡಲೇ ತೆಗೆದಿಡಬಹುದು. ನಾಟಿಗೆ ಮುಂಚೆ ಸಸಿಗಳನ್ನು ಬಿಸಿಲಿಗೆ ಒಗ್ಗಿಸುವ ಕಾಲವೂ ಇದೇ ಆಗಿರುವುದರಿಂದ, ನೆರಳುಬಲೆಯನ್ನು ದಿನಕ್ಕೆ ಕೊಂಚ ಕೊಂಚವಾಗಿ ಸರಿಸಿ, ನೀರನ್ನು ಕಡಮೆಮಾಡುತ್ತ ಬಂದರೆ ಒಂದೇ ಕೆಲಸದಿಂದ ಎರಡು ಫಲಗಳು ದೊರೆಯುತ್ತವೆ. ಸಸಿಯ ತುದಿ ಬಾಡುವವರೆಗೂ ಒಣಗಿಸಬೇಕೆಂದು ಇದರ ಅರ್ಥವಲ್ಲ.

ಇಷ್ಟರಿಂದ ಹತೋಟಿಗೆ ಬಾರದಿದ್ದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಸೂಕ್ಷ್ಮಾಣುವಿನಿಂದ ಮಾಡಿದ ಔಷಧವು ಉಂಟು. ೧೯೭೬ರಲ್ಲಿ ಇಸ್ರೇಲ್ ದೇಶದ ನೆಗೆವ್ ಮರುಭೂಮಿಯಲ್ಲಿ ಇದನ್ನು ಕಂಡುಹಿಡಿದರು. ಸೊಳ್ಳೆಯ ಮರಿಗಳನ್ನು ಕೊಲ್ಲುವುದಕ್ಕೆ ಇದನ್ನು ನಿಂತ ನೀರಿಗೆ ಹಾಕುವುದು ರೂಢಿಯಲ್ಲಿದೆ. ಬೂಷ್ಟುನೊರಜೂ ಸೊಳ್ಳೆಯ ದೂರದ ಬಳಗದ್ದೇ ಆದುದರಿಂದ, ಈ ಔಷಧವನ್ನು ನೀರಿನಲ್ಲಿ ಕದಡಿ ಮಣ್ಣು ನೆನೆಯುವಂತೆ ಸುರಿದರೆ ಅದನ್ನು ತಿಂದ ಎಳೆಯ ಮರಿಗಳು ಸಾಯುತ್ತವೆ. ಮೊಟ್ಟೆಗೂ ಕೋಶಕ್ಕೂ ಹಾರುವ ಹುಳುವಿಗೂ ಇದು ತಗಲುವುದಿಲ್ಲ. ಬೆಳೆದ ಮರಿಗಳ ಮೇಲೆ ಪ್ರಭಾವವು ಕಡಮೆ. ಮಣ್ಣಿನಲ್ಲಿ ಕೆಲವು ದಿವಸ ಮಾತ್ರ ಶಕ್ತಿಯುಳ್ಳದ್ದು. ಆದುದರಿಂದ ವಾರಕ್ಕೊಂದು ಸಲದಂತೆ ಮೂರು ಸಲ ಹಾಕಬೇಕಾಗುತ್ತದೆ. ನಾಟಿಗೆ ಮೂರು ವಾರ ಮುಂಚೆ ಪರೀಕ್ಷೆ ನಡೆಸಬೇಕೆಂದು ಹೇಳಿದುದು ಇದಕ್ಕಾಗಿಯೇ. ಪ್ರಮಾಣವನ್ನು ಡಬ್ಬಿಯ ಮೇಲಿನ ಸೂಚನೆಯನ್ನು ನೋಡಿ, ಕೃಷಿ ಅಧಿಕಾರಿಗಳನ್ನು ಕೇಳಿ ಗೊತ್ತುಮಾಡಿಕೊಳ್ಳತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯಕ. ಇದೇ ಸೂಕ್ಷ್ಮಾಣುವಿನ ಕುರ್ಸ್ಟಾಕಿ ಎಂಬ ಮತ್ತೊಂದು ತಳಿಯನ್ನೂ ಅಂಗಡಿಗಳಲ್ಲಿ ಮಾರುವರು. ಅದು ಕಂಬಳಿಹುಳುಗಳನ್ನೂ ಕಾಯಿಕೊರಕಗಳನ್ನೂ ಕೊಲ್ಲುವುದು. ನೊರಜಿಗೆ ಏನೂ ಮಾಡದು. ಅಷ್ಟೇ ಅಲ್ಲದೆ ಅದು ರೇಷ್ಮೆಹುಳುವಿಗೆ ವಿಷ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಸಸಿಮನೆಯನ್ನಿಟ್ಟುಕೊಂಡಿರುವವರು ಹೆಸರಿನ ಕೊನೆಯ ಭಾಗವನ್ನು ಓದದೆ ಔಷಧವನ್ನು ತಂದರೆ, ನೊರಜೂ ಉಳಿದು ರೇಷ್ಮೆಯೂ ಹೋದೀತು.

ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ಲೀಟರಿಗೆ ೫೦ ಗ್ರಾಂನಂತೆ ರಾತ್ರಿಯೆಲ್ಲ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿದ ಕಷಾಯವನ್ನು ಮಣ್ಣಿಗೆ ಹಾಕುವುದೂ ಸಹಾಯಕರ. ಇದು ಮರಿಗಳು ಪೊರೆ ಕಳಚಿ ಬೆಳೆಯುವುದಕ್ಕೆ ಅಡ್ಡಿ ಮಾಡುತ್ತದೆ. ಮಾರನೆಯ ದಿವಸವೇ ಸಾಯಲಿಲ್ಲವೆಂದು ಅದನ್ನು ಬಿಟ್ಟುಬಿಡಬಾರದು. ಮೊದಲು ಹತ್ತು ಸಸಿಗಳಿಗೆ ಹಾಕಿ ನೋಡಿ, ಬಾಧಕವಿಲ್ಲವೆಂದು ಕಂಡ ಮೇಲೆ ಉಳಿದವುಗಳಿಗೆ ಹಾಕುವುದು ಕ್ಷೇಮ. ಐರೋಪ್ಯ ದೇಶಗಳ ಗಾಜಿನ ಮನೆಗಳಲ್ಲಿ ಈ ಮರಿಗಳನ್ನು ಕೊಲ್ಲುವ ಒಂದು ಬಗೆಯ ಸೂಕ್ಷ್ಮ ಜಂತುಹುಳುವನ್ನು ಮಣ್ಣಿಗೆ ಬಿಡುವರು. ಅದು ತಂಪಾದ ಮಣ್ಣಿನಲ್ಲಿ ಕೆಲಸಮಾಡುವಂತಹುದು. ಪೋರೇಟ್ ಹರಳುಗಳನ್ನು ಸಸಿಯ ಮಣ್ಣಿಗೆ ಬೆರೆಸುವ ಅಭ್ಯಾಸವು ಹಿಂದೆ ಅನೇಕ ಕಡೆ ಇದ್ದಿತು. ಆ ವಿಷವು ೨೦೧೮ರ ಆಜ್ಞೆಯಂತೆ ೨೦೨೦ರ ಡಿಸೆಂಬರ್ ೩೧ರಿಂದ ಭಾರತದಲ್ಲಿ ನಿಷಿದ್ಧವಾಗಿದೆ. ಹಳೆಯ ದಾಸ್ತಾನನ್ನು ಯಾರಾದರೂ ಕೊಟ್ಟರೂ ತೆಗೆದುಕೊಳ್ಳಕೂಡದು. ಬರಿಗೈಯಿಂದ ಮಣ್ಣನ್ನು ಬೆರೆಸಿ ಚೀಲ ತುಂಬುವ ಹೆಣ್ಣಾಳುಗಳೇ ಅದರಿಂದ ಮೊದಲು ಅಪಾಯಕ್ಕೆ ಒಳಗಾಗುವವರು.

ಪರೀಕ್ಷೆಯಲ್ಲಿ ಹತ್ತು ಬಿಲ್ಲೆಗಳಲ್ಲಿ ಒಂದೆರಡಕ್ಕೆ ಮಾತ್ರ ಮರಿಗಳು ತಗಲಿದ್ದರೆ, ಆ ಸುತ್ತಿನ ಚೀಲಗಳನ್ನು ಬೇರೆಯಿಟ್ಟು ಚಿಕಿತ್ಸೆಮಾಡಿ, ಉಳಿದವನ್ನು ನೆಡಬಹುದು. ಹೆಚ್ಚು ಬಿಲ್ಲೆಗಳಲ್ಲಿ ಕಂಡರೆ ನಾಟಿಯನ್ನು ಎರಡು ಮೂರು ವಾರ ಮುಂದಕ್ಕೆ ಹಾಕುವುದೇ ಲೇಸು. ಮಳೆ ಬಂದಿದೆ, ಗುಣಿ ತೆಗೆದಿದೆ, ಆಳುಗಳು ಸಿಕ್ಕಿದ್ದಾರೆ, ಈ ಸ್ಥಿತಿಯಲ್ಲಿ ಮುಂದಕ್ಕೆ ಹಾಕಬೇಕೆಂದು ಹೇಳುವುದು ಸುಲಭ, ಮಾಡುವುದು ಕಷ್ಟ ಎಂಬುದು ನಿಜವೇ. ಆದರೂ ಮೂರು ವಾರ ತಡವಾದ ಆರೋಗ್ಯದ ಸಸಿಯು ಹೊತ್ತಿಗೆ ನೆಟ್ಟ ರೋಗಿ ಸಸಿಯನ್ನು ಹಿಂದೆಹಾಕುವುದರಲ್ಲಿ ಸಂದೇಹವಿಲ್ಲ. ಊರಿನ ನಾಲ್ಕಾರು ಮಂದಿ ಕೂಡಿ ಒಂದೇ ಸಸಿಮನೆಯಿಂದ ಸಸಿ ತರಿಸುವಾಗ, ಗ್ರಾಮದ ಮುಖಂಡರು ತಾವೇ ಹೋಗಿ ನಾಲ್ಕು ಚೀಲಗಳನ್ನು ಸೀಳಿ ಬೇರನ್ನು ನೋಡಿ ಬಂದ ಬಳಿಕ ಹಣ ಕೊಡುವ ಏರ್ಪಾಡು ಮಾಡತಕ್ಕದ್ದು. ನಾಲ್ಕು ಸಸಿಗಳ ಬೆಲೆ ಹೋಗುವುದಕ್ಕೆ ಸಸಿಮನೆಯವರು ಒಪ್ಪದಿದ್ದರೆ ಅದನ್ನು ಕೊಂಡೇ ಸೀಳಬೇಕು. ಒಳ್ಳೆಯ ಬೇರು ಬಿಳುಪಾಗಿ, ಮಣ್ಣಿನ ಹೆಂಟೆಯನ್ನು ಬಲೆಯಂತೆ ಹಿಡಿದುಕೊಂಡಿರುವುದು. ಚೀಲ ಬಿಚ್ಚಿದೊಡನೆ ಮಣ್ಣು ಉದುರಿಹೋದರೆ ಬೇರೇ ಇಲ್ಲವೆಂದು ತಿಳಿಯಬೇಕು.

ನಾಟಿಯ ದಿವಸ ಮಾಡಬೇಕಾದುದು ಇಷ್ಟು. ಒಂದೂವರೆ ಅಡಿ ಉದ್ದ ಅಗಲ ಆಳದ ಗುಣಿಗಳನ್ನು ಮುಂಚಿತವಾಗಿಯೇ ತೆಗೆದು ಬಿಸಿಲಿಗೆ ಬಿಟ್ಟು, ಮೇಲ್ಮಣ್ಣನ್ನೂ ಕಳಿತ ಗೊಬ್ಬರವನ್ನೂ ತುಂಬಿರಬೇಕು. ಹಸಿ ಸಗಣಿಯನ್ನು ಗುಣಿಗೆ ಹಾಕಕೂಡದು. ಹಿಂದಿನ ಸಾಯಂಕಾಲ ಸಸಿಗೆ ಹದವಾಗಿ ನೀರು ಹಾಕಿದ್ದರೆ ಹೆಂಟೆ ಒಡೆಯುವುದಿಲ್ಲ. ಚೀಲವನ್ನು ಬಿಚ್ಚುವ ಮುಂಚೆ, ಮೇಲಿನ ಅರ್ಧ ಅಂಗುಲ ಮಣ್ಣನ್ನು ಬೇರಿಗೆ ತಾಕದಂತೆ ಮರದ ಚಕ್ಕೆಯಿಂದ ಮೆಲ್ಲನೆ ಕೆರೆದು ಒಂದು ಬಾಂಡ್ಲಿಗೆ ಹಾಕಿಕೊಳ್ಳಬೇಕು. ಮೊಟ್ಟೆಗಳು ಹೆಚ್ಚಾಗಿರುವುದು ಆ ಪದರದಲ್ಲಿಯೇ. ಆ ಮಣ್ಣನ್ನು ಹೊಲದಲ್ಲಿ ಚೆಲ್ಲದೆ ಆಳವಾಗಿ ಹೂಳಬೇಕು. ಮರಿಗಳನ್ನು ತೊಳೆದುಹಾಕುವ ಆತುರದಿಂದ ಪರಂಗಿಯ ಬೇರನ್ನು ನೀರಿನಲ್ಲಿ ಅದ್ದಿ ಮಣ್ಣು ಬಿಡಿಸುವುದು ಮಾತ್ರ ಸರ್ವಥಾ ಬೇಡ. ನೊರಜಿನಿಂದ ಉಳಿದದ್ದು ಅದರಿಂದ ಸಾಯುವುದು. ಚೀಲವನ್ನು ಉದ್ದಕ್ಕೆ ಸೀಳಿ ತೆಗೆದು, ಸಸಿಯು ಚೀಲದಲ್ಲಿ ಎಷ್ಟು ಆಳದಲ್ಲಿದ್ದಿತೋ ಅಷ್ಟೇ ಆಳಕ್ಕೆ ಇಳಿಸಬೇಕು. ಕೆರೆದು ತೆಗೆದ ಮಣ್ಣಿನ ಸ್ಥಳಕ್ಕೆ ಒಣಗಿದ ಹೊಲದ ಮಣ್ಣು ಬೀಳಲಿ. ಕಾಂಡವನ್ನು ಅದಕ್ಕಿಂತ ಮೇಲಕ್ಕೆ ಹೂಳಬಾರದು.

ನೆಟ್ಟ ಮೇಲೆ ಬುಡದ ಸುತ್ತ ಮಣ್ಣು ಕೊಂಚ ದಿಬ್ಬವಾಗಿರುವಂತೆ ಮಾಡಿ, ಒಂದು ಗೇಣು ದೂರದಲ್ಲಿ ಉಂಗುರದಂತೆ ಪಾತಿಯನ್ನು ತೆಗೆದು, ನೀರನ್ನು ಆ ಉಂಗುರದಲ್ಲಿ ಮಾತ್ರ ಬಿಡತಕ್ಕದ್ದು. ಪರಂಗಿಯ ಬುಡದಲ್ಲಿ ನೀರು ಒಂದೆರಡು ದಿವಸ ನಿಂತರೂ ಗಿಡ ಉಳಿಯುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಸೊಪ್ಪನ್ನೋ ಹುಲ್ಲನ್ನೋ ಹೊದಿಸುವವರು ಬುಡವನ್ನು ಬಿಟ್ಟು ಹೊದಿಸಬೇಕು. ಗಾಳಿಬಿಸಿಲುಗಳಿಗೆ ತೆರೆದ ಹೊಲದಲ್ಲಿ ಮೇಲ್ಮಣ್ಣು ಆರುತ್ತಿರುವವರೆಗೆ ನೊರಜು ಹೆಚ್ಚು ದಿವಸ ನಿಲ್ಲಲಾರದು. ಹೊಸಬೇರು ಬಿಟ್ಟ ಸಸಿಗೆ ಅದರ ಭಯವೂ ಇಲ್ಲ. ನಾಟಿಯಾದ ಮೊದಲ ಮೂರು ವಾರಗಳೇ ಮುಖ್ಯವಾದವು. ಈ ಅವಧಿಯಲ್ಲಿ ಸಸಿ ಬಾಡಿದರೆ, ನೀರು ಕಟ್ಟುವ ಮುನ್ನ ಮಣ್ಣನ್ನು ಮುಟ್ಟಿ ನೋಡಬೇಕು. ಮಣ್ಣು ಒದ್ದೆಯಾಗಿಯೂ ಸಸಿ ಬಾಡಿಯೂ ಇದ್ದರೆ, ನೀರನ್ನು ನಿಲ್ಲಿಸಿ, ಲೀಟರಿಗೆ ಮೂರು ಗ್ರಾಂನಂತೆ ಕಾಪರ್ ಆಕ್ಸಿಕ್ಲೋರೈಡನ್ನು ಕದಡಿ ಬುಡಕ್ಕೆ ಸುರಿದರೆ ಕೊಳೆಯು ಮುಂದೆ ಹರಡುವುದು ತಪ್ಪೀತು.

ಟೊಮೇಟೊ, ಮೆಣಸಿನಕಾಯಿ, ಎಲೆಕೋಸು ಮೊದಲಾದ ತರಕಾರಿಗಳನ್ನು ಗುಳಿತಟ್ಟೆಗಳಲ್ಲಿ ಎಬ್ಬಿಸುವವರಿಗೂ ಈ ಮಾತುಗಳೇ ಅನ್ವಯಿಸುತ್ತವೆ. ಅವು ತಟ್ಟೆಯಲ್ಲಿರುವ ಕಾಲವು ಕಡಮೆಯಾದುದರಿಂದ ಒಂದು ಪೀಳಿಗೆಗಿಂತ ಹೆಚ್ಚು ಬೆಳೆಯಲು ಅವಕಾಶವಿಲ್ಲ. ಒಮ್ಮೆ ಉಪಯೋಗಿಸಿದ ನಾರಿನ ಪುಡಿಯನ್ನು ಮತ್ತೆ ತುಂಬುವ ಕಡೆಯಲ್ಲಿ ಮಾತ್ರ ಹಿಂದಿನ ತಂಡದ ಮೊಟ್ಟೆಗಳು ಮುಂದಿನ ತಂಡಕ್ಕೆ ಸಿದ್ಧವಾಗಿರುತ್ತವೆ.

ನಾಟಿಯಲ್ಲಿ ಸತ್ತ ಸಸಿಗಳ ಬದಲಿಗೆ ನೆಡುವುದಕ್ಕೆಂದು ನೂರಕ್ಕೆ ಹತ್ತರಂತೆ ಹೆಚ್ಚು ಸಸಿಗಳನ್ನು ಇಟ್ಟುಕೊಳ್ಳುವುದು ವಿವೇಕವೇ. ಆದರೆ ನಾಟಿ ಮುಗಿದ ಮೇಲೆ ಈ ನೂರಿಪ್ಪತ್ತು ಚೀಲಗಳು ಬಚ್ಚಲಿನ ಪಕ್ಕದಲ್ಲಿಯೋ ದನದ ತೊಟ್ಟಿಯ ನೆರಳಿನಲ್ಲಿಯೋ ಬಿದ್ದಿದ್ದು, ದಾರಿಹೋಕರೆಲ್ಲ ನೀರು ಚೆಲ್ಲುವ ಸ್ಥಿತಿಗೆ ಬರುವುವು. ತಿಂಗಳಾದ ಮೇಲೆ ಹೊಲದ ಖಾಲಿ ಗುಣಿಗಳಿಗೆ ಇವನ್ನೇ ಒಯ್ದು ನೆಡುವುದರಿಂದ, ಮೊದಲ ನಾಟಿಯಲ್ಲಿ ಇಲ್ಲದ ಬಾಧೆಯು ಎರಡನೆಯ ನಾಟಿಯಲ್ಲಿ 묻ುಕ್ಕದಂತೆ ನೋಡಿಕೊಳ್ಳಬೇಕು. ಉಳಿಕೆಯ ಚೀಲಗಳನ್ನು ಬಿಸಿಲು ಬೀಳುವ ಜಗಲಿಯ ಮೇಲೆ ಬಿಡಿಬಿಡಿಯಾಗಿಟ್ಟು, ಒಬ್ಬನೇ ಆಳಿಗೆ ವಹಿಸಿ, ನೆಡುವ ಮುಂಚೆ ಆಲೂಗೆಡ್ಡೆಯ ಪರೀಕ್ಷೆಯನ್ನು ಅವಕ್ಕೂ ಮಾಡತಕ್ಕದ್ದು. ಎರಡು ತಿಂಗಳು ಕಳೆದರೂ ಬೇಡವಾದ ಸಸಿಗಳನ್ನು ಇಟ್ಟುಕೊಳ್ಳದೆ, ಚೀಲ ಸೀಳಿ, ಮಣ್ಣನ್ನು ಅಂಗಳದಲ್ಲಿ ತೆಳುವಾಗಿ ಹರಡಿ ಒಣಗಿಸಿಬಿಡಬೇಕು.